ವಯಸ್ಕರ ಅನೊರೆಕ್ಸಿಯಕ್ಕೆ ಹೊರರೋಗಿ ಮನೋಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊಟವನ್ನು ಕಡಿಮೆ ಮಾಡುತ್ತಾ ಅಪಾಯಕರವಾಗಿ ಸೊರಗುವ ಅನೊರೆಕ್ಸಿಯ ನರ್ವೋಸ ಎಂಬ ಮಾನಸಿಕ ಕಾಯಿಲೆಯ ಬಗ್ಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಡಲಾಗಿದೆ. ಉತ್ತರಗಳು ಹದಿನೆಂಟು ದಾಟಿದವರು ಆಸ್ಪತ್ರೆಯಲ್ಲಿ ಉಳಿಯದೆ, ಮನೆಯಿಂದಲೇ ಹೋಗಿಬಂದು ಪಡೆಯುವ ಮನೋಚಿಕಿತ್ಸೆಗೆ ಸಂಬಂಧಿಸಿದವು. ತೂಕದ ಮತ್ತು ಆಹಾರದ ಅಂಕಿಗಳು ಈ ಕಾಯಿಲೆ ಇರುವ ಓದುಗರನ್ನು ಕಾಡಬಲ್ಲವು. ಆದ್ದರಿಂದ ಅವನ್ನು ಬೇಕೆಂದೇ ದೂರವಿಡಲಾಗಿದೆ.

## ಮೊದಲು ತಿಳಿಯಬೇಕಾದದ್ದು

"ನನ್ನ ತಂಗಿಗೆ ಇಪ್ಪತ್ನಾಲ್ಕು. ವರ್ಷದಿಂದ ಊಟ ಕಮ್ಮಿ ಮಾಡ್ತಾ ಬಂದು ತುಂಬಾ ಸೊರಗಿದ್ದಾಳೆ. ಇದು ಡಯಟ್ಟೋ, ಕಾಯಿಲೆಯೋ?"

ಡಯಟ್ ಮಾಡುವವರು ಅಂದುಕೊಂಡ ತೂಕ ಬಂದ ಮೇಲೆ ನಿಲ್ಲಿಸುತ್ತಾರೆ, ಇಲ್ಲವೇ ಬೇಸತ್ತು ನಡುವೆಯೇ ಬಿಡುತ್ತಾರೆ. ಅನೊರೆಕ್ಸಿಯದಲ್ಲಿ ಗುರಿ ತಲುಪಿದಂತೆಲ್ಲ ಗುರಿಯೇ ಇನ್ನಷ್ಟು ಕೆಳಗಿಳಿಯುತ್ತದೆ. ವೈದ್ಯರು ಮುಖ್ಯವಾಗಿ ನೋಡುವುದು ಮೂರನ್ನು: ದೇಹಕ್ಕೆ ಬೇಕಾದಷ್ಟು ತಿನ್ನದ ಕಾರಣ ತೂಕ ಗಣನೀಯವಾಗಿ ಇಳಿದಿದೆಯೇ, ದಪ್ಪಗಾಗುವ ತೀವ್ರ ಭಯವೋ, ತೂಕ ಏರದಂತೆ ತಡೆಯುವ ಪಟ್ಟುಬಿಡದ ನಡವಳಿಕೆಯೋ ಇದೆಯೇ, ತನ್ನ ದೇಹವನ್ನು ಇದ್ದಂತೆ ಕಾಣುವ, ಅಪಾಯವನ್ನು ಅಪಾಯವೆಂದು ಒಪ್ಪುವ ಶಕ್ತಿ ಕುಂದಿದೆಯೇ. ಮುಟ್ಟು ನಿಂತಿರಲೇಬೇಕೆಂಬ ನಿಯಮವನ್ನು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಕೈಬಿಟ್ಟಿದೆ. ಹಾಗಾಗಿ "ಮುಟ್ಟು ಸರಿಯಾಗಿದೆಯಲ್ಲ" ಎಂದು ಸಮಾಧಾನಪಡುವಂತಿಲ್ಲ.

ಮನೆಯವರ ಕಣ್ಣಿಗೆ ಬೀಳುವುದು ಬೇರೆ ಸಂಗತಿಗಳು. ಎಲ್ಲರಿಗೂ ಅಕ್ಕರೆಯಿಂದ ಅಡುಗೆ ಮಾಡಿ ಬಡಿಸಿ ತಾನು ಮಾತ್ರ "ಆಗಲೇ ತಿಂದಾಯಿತು" ಎನ್ನುವುದು, ಮದುವೆಮನೆಯ ಪಂಕ್ತಿಯನ್ನು ತಪ್ಪಿಸಿಕೊಳ್ಳುವುದು, ಬೇಸಿಗೆಯಲ್ಲೂ ಚಳಿಯೆನ್ನುವುದು, ಸುಸ್ತಾಗಿದ್ದರೂ ಕೂರದೆ ಓಡಾಡುತ್ತಲೇ ಇರುವುದು. ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆ, ಕರುಳಿನ ತೊಂದರೆಗಳಲ್ಲೂ ತೂಕ ಇಳಿಯುವುದರಿಂದ ಮೊದಲ ಹೆಜ್ಜೆ ವೈದ್ಯರ ತಪಾಸಣೆಯೇ ಆಗಿರಲಿ. ಆದರೆ ಎಲ್ಲ ವರದಿಗಳೂ ಸರಿಯಾಗಿ ಬಂದವೆಂದರೆ ಕಾಯಿಲೆಯೇ ಇಲ್ಲವೆಂದಲ್ಲ. ಅನೊರೆಕ್ಸಿಯ ಇರುವವರ ರಕ್ತಪರೀಕ್ಷೆಗಳು ಬಹುಕಾಲ ಸಹಜವಾಗಿಯೇ ಇರಬಲ್ಲವು.

"ಬರೀ ಕೂತು ಮಾತಾಡಿದ್ರೆ ತೂಕ ಹೇಗೆ ಹೆಚ್ಚುತ್ತೆ?"

ಬರೀ ಮಾತಿನಿಂದ ಹೆಚ್ಚುವುದಿಲ್ಲ. ಮುಂದೆ ಹೇಳಲಿರುವ ಚಿಕಿತ್ಸೆಗಳೆಲ್ಲವೂ, ಮಾತಿನ ಜೊತೆಗೆ, ಕ್ರಮವಾಗಿ ಉಣ್ಣುವುದನ್ನೂ ತೂಕವನ್ನು ಮರಳಿ ಪಡೆಯುವುದನ್ನೂ ಗುರಿಯಾಗಿ ಇಟ್ಟುಕೊಂಡಿರುತ್ತವೆ. ಇದಕ್ಕೆ ಗಟ್ಟಿ ಕಾರಣವಿದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಒಪ್ಪಿಕೊಂಡು ಮುಂದೆ ಬಂದ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದರು. ಮೊದಲು ಅವರಲ್ಲಿ ಆಹಾರದ ಬಗ್ಗೆ ಯಾವ ಮಾನಸಿಕ ತೊಡಕೂ ಇರಲಿಲ್ಲ. ಅರೆಹೊಟ್ಟೆಯ ತಿಂಗಳುಗಳಲ್ಲಿ ಅವರು ಹಗಲಿರುಳೂ ಊಟದ ಧ್ಯಾನದಲ್ಲಿ ಮುಳುಗಿದರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟರು, ಸ್ನೇಹಿತರಿಂದ ದೂರವಾದರು, ಖಿನ್ನರಾದರು, ಸಣ್ಣದಕ್ಕೂ ಸಿಡುಕತೊಡಗಿದರು. ಅಂದರೆ ನಾವು ಸ್ವಭಾವವೆಂದು ಭಾವಿಸುವ ಎಷ್ಟೋ ಲಕ್ಷಣಗಳನ್ನು ಹಸಿವೇ ಹುಟ್ಟಿಸುತ್ತದೆ. ಹಸಿದ ಮಿದುಳು ಚಿಕಿತ್ಸೆಯ ಮಾತನ್ನು ಪೂರ್ತಿಯಾಗಿ ಗ್ರಹಿಸಲಾರದು. ಇನ್ನೊಂದು ಕಡೆ, ಭಯ ಕಡಿಮೆಯಾಗದೆ ತುತ್ತು ಇಳಿಯದು. ಒಳ್ಳೆಯ ಚಿಕಿತ್ಸೆ ಎರಡನ್ನೂ ಒಟ್ಟಿಗೆ ಮುಂದಕ್ಕೆ ಒಯ್ಯುತ್ತದೆ.

"ಮಾತ್ರೆ ಕೊಟ್ಟು ಗುಣ ಮಾಡೋಕೆ ಆಗಲ್ವಾ?"

ಇಂದಿನವರೆಗೆ ಅಂತಹ ಮಾತ್ರೆ ಇಲ್ಲ. ತೂಕ ಮರಳಿ ಪಡೆದವರಿಗೆ ಫ್ಲುಯಾಕ್ಸೆಟಿನ್ ಎಂಬ ಖಿನ್ನತೆಯ ಔಷಧ ಕೊಟ್ಟು ನೋಡಿದ 2006ರ ಅಧ್ಯಯನದಲ್ಲಿ ಅದು ಮರುಕಳಿಕೆಯನ್ನು ತಡೆಯಲಿಲ್ಲ. 152 ಹೊರರೋಗಿಗಳ ಮೇಲಿನ 2019ರ ಅಧ್ಯಯನದಲ್ಲಿ ಒಲಾಂಜಪಿನ್ ಎಂಬ ಮನೋರೋಗದ ಔಷಧದಿಂದ ತೂಕ ಅಲ್ಪ ಪ್ರಮಾಣದಲ್ಲಿ ಹೆಚ್ಚಿತಾದರೂ ಮನಸ್ಸಿನ ಲಕ್ಷಣಗಳು ಬದಲಾಗಲಿಲ್ಲ. ಜೊತೆಗಿರುವ ಖಿನ್ನತೆಗೋ ಆತಂಕಕ್ಕೋ ಮನೋವೈದ್ಯರು ಔಷಧ ಕೊಡಬಹುದು. ಆದರೆ ಔಷಧವೊಂದನ್ನೇ ಅನೊರೆಕ್ಸಿಯದ ಚಿಕಿತ್ಸೆಯಾಗಿ ಕೊಡಬಾರದೆಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ.

"ಆಸ್ಪತ್ರೆಗೆ ಸೇರಿಸದೇ ನೋಡ್ಕೋಬಹುದಾ? ಯಾವಾಗ ಸೇರಿಸಲೇಬೇಕು?"

ದೇಹಸ್ಥಿತಿ ಸ್ಥಿರವಾಗಿರುವ ಬಹುತೇಕ ವಯಸ್ಕರಿಗೆ ಹೊರರೋಗಿ ಚಿಕಿತ್ಸೆಯೇ ಮೊದಲ ಆಯ್ಕೆ. ಆದರೆ ತಲೆ ಸುತ್ತಿ ಬೀಳುವುದು, ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗಿಳಿಯುವುದು, ಕುಕ್ಕರಗಾಲಿನಲ್ಲಿ ಕೂತವರು ಕೈಯೂರದೆ ಏಳಲಾಗದಿರುವುದು, ವಾರದಿಂದ ವಾರಕ್ಕೆ ವೇಗವಾಗಿ ತೂಕ ಕುಸಿಯುವುದು, ಪದೇ ಪದೇ ವಾಂತಿ ಮಾಡಿಕೊಂಡು ರಕ್ತದ ಪೊಟ್ಯಾಸಿಯಂ ಇಳಿಯುವುದು, ನೀರನ್ನೂ ನಿರಾಕರಿಸುವುದು, ಸಾಯುವ ಮಾತಾಡುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಹುಕಾಲ ಉಪವಾಸವಿದ್ದವರಿಗೆ ಮನೆಯಲ್ಲೇ ಒಮ್ಮೆಲೇ ಹೆಚ್ಚು ಉಣಿಸುವುದೂ ಅಪಾಯಕರ. ರಕ್ತದ ಫಾಸ್ಫೇಟ್ ಥಟ್ಟನೆ ಕುಸಿದು ಹೃದಯಕ್ಕೆ ತೊಂದರೆಯಾಗಬಹುದಾದ್ದರಿಂದ ಅಂಥವರ ಆಹಾರವನ್ನು ವೈದ್ಯರ ನಿಗಾದಲ್ಲೇ ಹೆಚ್ಚಿಸಬೇಕು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳ ಸಾಲಿನಲ್ಲಿ ಅನೊರೆಕ್ಸಿಯ ಇದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ, ತಡಮಾಡದಿರಲಿ ಎಂದು ಹೇಳಬೇಕಾಗಿದೆ.

## ಒಂದೊಂದು ಚಿಕಿತ್ಸೆಯ ಒಳಗೆ

"ಸಿಬಿಟಿ-ಇ ಅಂತಾರಲ್ಲ, ಅದರಲ್ಲಿ ಏನು ಮಾಡ್ತಾರೆ?"

ಸಿಬಿಟಿ ಎಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸುವ ಮನೋಚಿಕಿತ್ಸೆ; ಸಿಬಿಟಿ-ಇ ಅದರ ಸುಧಾರಿತ ರೂಪ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಈ ಪದ್ಧತಿ, ತನ್ನ ಬೆಲೆಯನ್ನು ತೂಕದಿಂದ, ಆಕಾರದಿಂದ ಮತ್ತು ಅವುಗಳ ಮೇಲಿನ ಹಿಡಿತದಿಂದಲೇ ಅಳೆದುಕೊಳ್ಳುವ ಮನಸ್ಸೇ ಕಾಯಿಲೆಯ ಮೂಲವೆಂದು ಭಾವಿಸುತ್ತದೆ. ತೂಕ ತೀರ ಕಡಿಮೆ ಇರುವವರಿಗೆ ಸುಮಾರು 40 ವಾರಗಳಲ್ಲಿ 40 ಭೇಟಿಗಳು. ಆರಂಭದಲ್ಲಿ ವಾರಕ್ಕೆ ಎರಡು. ತಿಂದದ್ದನ್ನೂ ಆಗ ಮನಸ್ಸಿನಲ್ಲಿ ಬಂದದ್ದನ್ನೂ ಆ ಕ್ಷಣವೇ ಬರೆದಿಡಬೇಕು. ವಾರಕ್ಕೊಮ್ಮೆ ಚಿಕಿತ್ಸಕರ ಜೊತೆಯಲ್ಲೇ ತೂಕ ನೋಡಿ, ಒಂದು ಅಂಕಿಯಿಂದ ಆತುರದ ತೀರ್ಮಾನಕ್ಕೆ ಬರದಂತೆ ನಾಲ್ಕಾರು ವಾರಗಳ ಗತಿಯನ್ನು ಓದುವುದನ್ನು ಕಲಿಯುತ್ತಾರೆ. ತೂಕ ಹೆಚ್ಚಿಸಬೇಕೆಂಬ ನಿರ್ಧಾರವನ್ನು ಚಿಕಿತ್ಸಕರು ಹೇರುವುದಿಲ್ಲ. ರೋಗಿ ತಾನಾಗಿ ಅಲ್ಲಿಗೆ ಬರುವಂತೆ ಮೊದಲ ವಾರಗಳು ಮೀಸಲಾಗಿರುತ್ತವೆ. ಬರವಣಿಗೆ, ಕ್ರಮ, ವಾರವಾರದ ಲೆಕ್ಕ ಒಗ್ಗುವವರಿಗೆ ಇದು ಹಿಡಿಸುತ್ತದೆ. ಅಂಕಿಗಳೇ ಗೀಳಾಗಿರುವವರಿಗೆ ಆರಂಭ ಕಷ್ಟವಾಗಬಹುದು, ಆದರೆ ಆ ಗೀಳನ್ನು ಎದುರಿಸುವುದೇ ಇಲ್ಲಿನ ಕೆಲಸದ ಒಂದು ಭಾಗ.

"ಮ್ಯಾಂಟ್ರಾ ಅನ್ನೋದು ಸಿಬಿಟಿಗಿಂತ ಹೇಗೆ ಬೇರೆ?"

ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆ ಮತ್ತು ಕಿಂಗ್ಸ್ ಕಾಲೇಜಿನ ಉಲ್ರಿಕ ಶ್ಮಿಟ್, ಜಾನೆಟ್ ಟ್ರೆಷರ್ ಹಾಗೂ ಸಂಗಡಿಗರು ಅನೊರೆಕ್ಸಿಯಕ್ಕೆಂದೇ ಕಟ್ಟಿದ ಪದ್ಧತಿ ಇದು. ಕಾಯಿಲೆಯನ್ನು ಉಳಿಸಿಕೊಂಡು ಬರುವ ನಾಲ್ಕು ಸಂಗತಿಗಳನ್ನು ಇದು ಹುಡುಕುತ್ತದೆ: ಸಣ್ಣ ವಿವರಕ್ಕೆ ಅಂಟಿಕೊಂಡು ತಪ್ಪಿಗೆ ಹೆದರುವ ಬಿಗಿಯಾದ ಯೋಚನೆ, ಭಾವನೆಗಳನ್ನು ಹತ್ತಿಕ್ಕುವ ಅಭ್ಯಾಸ, "ಇದು ನನ್ನನ್ನು ಕಾಪಾಡುತ್ತಿದೆ" ಎಂಬ ನಂಬಿಕೆ, ಮತ್ತು ಹತ್ತಿರದವರು ಗೊತ್ತಿಲ್ಲದೆ ಕಾಯಿಲೆಗೆ ಹೊಂದಿಕೊಂಡುಬಿಡುವ ರೀತಿ. ಕೈಪಿಡಿಯೊಂದನ್ನು ಇಟ್ಟುಕೊಂಡು, ಆ ವ್ಯಕ್ತಿಗೆ ಯಾವುದು ಮುಖ್ಯವೋ ಆ ಅಧ್ಯಾಯಗಳನ್ನು ಆರಿಸಿಕೊಳ್ಳುತ್ತಾರೆ. ಕಾಯಿಲೆಯನ್ನು ಗೆಳತಿಯೆಂದು ಭಾವಿಸಿ ಒಂದು ಪತ್ರ, ಶತ್ರುವೆಂದು ಭಾವಿಸಿ ಇನ್ನೊಂದು ಪತ್ರ ಬರೆಯುವುದು ಇದರ ಹೆಸರಾದ ಅಭ್ಯಾಸ. ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ, ಬಿಡಲೂ ಆಗದ ಇರಿಸಿಕೊಳ್ಳಲೂ ಆಗದ ಇಬ್ಬಂದಿತನ ಮೊದಲ ಬಾರಿಗೆ ಮಾತಿಗೆ ಸಿಗುತ್ತದೆ. ಸಾಮಾನ್ಯವಾಗಿ 20 ಭೇಟಿಗಳು, ಸಮಸ್ಯೆ ಜಟಿಲವಾಗಿದ್ದರೆ ಇನ್ನೂ 10. ಇದರ ಸಿದ್ಧಾಂತ ದಪ್ಪಗಾಗುವ ಭಯವನ್ನೇ ಕೇಂದ್ರದಲ್ಲಿ ಇಡುವುದಿಲ್ಲ, ಮತ್ತು ನಮ್ಮ ನಾಡಿನ ಓದುಗರಿಗೆ ಇದು ಮುಖ್ಯ. ಕಾರಣವನ್ನು ಮುಂದೆ ಹೇಳಿದೆ.

"ಎಸ್‌ಎಸ್‌ಸಿಎಂ ಅಂದ್ರೆ ಬರೀ ಸಾಂತ್ವನ ಹೇಳೋದು ತಾನೇ?"

ಅಲ್ಲ. ಎಸ್‌ಎಸ್‌ಸಿಎಂ ಎಂದರೆ ಪರಿಣತರ ಆಸರೆಯ ಕ್ಲಿನಿಕಲ್ ನಿರ್ವಹಣೆ. ಈ ಚಿಕಿತ್ಸೆಯ ಚರಿತ್ರೆಯೇ ಆ ಅನುಮಾನಕ್ಕೆ ಉತ್ತರ ಕೊಡುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ವರ್ಜೀನಿಯ ಮೆಕಿಂಟಾಶ್ ಮತ್ತು ಸಂಗಡಿಗರು ಸಿಬಿಟಿಯನ್ನೂ, ಸಂಬಂಧಗಳನ್ನು ಆಧರಿಸಿದ ಐಪಿಟಿ ಎಂಬ ಚಿಕಿತ್ಸೆಯನ್ನೂ ಪರೀಕ್ಷಿಸಲು ಹೊರಟಾಗ, ಹೋಲಿಕೆಗೆಂದು ಒಂದು ಸಾಧಾರಣ ಚಿಕಿತ್ಸೆಯನ್ನು ಪಕ್ಕದಲ್ಲಿ ಇಟ್ಟುಕೊಂಡರು. ಅನುಭವಿ ವೈದ್ಯರು ಕ್ಲಿನಿಕ್ಕಿನಲ್ಲಿ ಮಾಡುವುದೇ ಅದರ ತಿರುಳು: ತೂಕ ಮತ್ತು ದೇಹಸ್ಥಿತಿಯ ನಿಗಾ, ಊಟದ ಬಗ್ಗೆ ತಿಳಿವಳಿಕೆ, ಯಾವ ಲಕ್ಷಣಗಳನ್ನು ಬದಲಿಸಬೇಕೆಂಬ ಒಪ್ಪಂದ, ಉಳಿದ ಹೊತ್ತಿನಲ್ಲಿ ರೋಗಿ ತಂದ ವಿಷಯದ ಬಗ್ಗೆ ಆಸರೆಯ ಮಾತು. 56 ಮಹಿಳೆಯರ ಆ ಅಧ್ಯಯನ 2005ರಲ್ಲಿ ಪ್ರಕಟವಾದಾಗ, ಹೋಲಿಕೆಗೆಂದು ಇಟ್ಟುಕೊಂಡದ್ದೇ ಚಿಕಿತ್ಸೆಯ ಕೊನೆಗೆ ಮುಂದಿತ್ತು. ಐಪಿಟಿ ಎಲ್ಲಕ್ಕಿಂತ ಹಿಂದೆ ಬಿದ್ದಿತ್ತು. ವರ್ಷಗಳ ನಂತರ ಅದೇ ಮಹಿಳೆಯರನ್ನು ಮತ್ತೆ ನೋಡಿದಾಗ ಮೂರು ಗುಂಪುಗಳ ನಡುವಿನ ಅಂತರ ಉಳಿದಿರಲಿಲ್ಲ. ಅಂದಿನಿಂದ ಎಸ್‌ಎಸ್‌ಸಿಎಂ ಸ್ವತಂತ್ರ ಚಿಕಿತ್ಸೆಯಾಗಿ ಬೆಳೆದು, ಇಂದು ಸಿಬಿಟಿ, ಮ್ಯಾಂಟ್ರಾಗಳ ಜೊತೆಗೆ ನೈಸ್ ಮಾರ್ಗಸೂಚಿಯ ಮೊದಲ ಸಾಲಿನ ಮೂರರಲ್ಲಿ ಒಂದಾಗಿದೆ. ವಾರಕ್ಕೊಮ್ಮೆಯಂತೆ 20 ಅಥವಾ ಹೆಚ್ಚು ಭೇಟಿಗಳು ಇದರಲ್ಲಿರುತ್ತವೆ. ಪರಿಣತರು ವಿರಳವಾಗಿರುವ ಕಡೆ, ಅನುಭವವುಳ್ಳ ಮನೋವೈದ್ಯರೋ ಮನೋವಿಜ್ಞಾನಿಯೋ ಕಡಿಮೆ ತರಬೇತಿಯಿಂದ ಕೈಗೆತ್ತಿಕೊಳ್ಳಬಹುದಾದದ್ದು ಇದೇ ಎಂದು ನನ್ನ ತಿಳಿವಳಿಕೆ.

"ಬಾಲ್ಯ, ಅಪ್ಪ-ಅಮ್ಮ ಅಂತೆಲ್ಲ ಕೆದಕೋ ಚಿಕಿತ್ಸೆ ಇದಕ್ಕೆ ನಡೆಯುತ್ತಾ?"

ನಡೆಯುತ್ತದೆ, ಆದರೆ ಗೊತ್ತುಗುರಿಯಿಲ್ಲದ ಕೆದಕಾಟವಲ್ಲ. ಜರ್ಮನಿಯಲ್ಲಿ ರೂಪುಗೊಂಡ ಎಫ್‌ಪಿಟಿ, ಅಂದರೆ ಗುರಿನಿಷ್ಠ ಮನೋಗತಿಶೀಲ ಚಿಕಿತ್ಸೆ, ಮೂರು ಘಟ್ಟಗಳಲ್ಲಿ ಸಾಗುತ್ತದೆ. ಮೊದಲು ನಂಬಿಕೆ ಬೆಳೆಸಿ, ಕಾಯಿಲೆಯನ್ನು ಹೆಮ್ಮೆಯೆಂದು ಭಾವಿಸುವ ಮನಸ್ಸನ್ನೂ ಸ್ವಾಭಿಮಾನವನ್ನೂ ಮುಟ್ಟುತ್ತಾರೆ. ನಂತರ ಹತ್ತಿರದ ಸಂಬಂಧಗಳಿಗೂ ಊಟದ ನಡವಳಿಕೆಗೂ ಇರುವ ನಂಟನ್ನು ಬಿಡಿಸುತ್ತಾರೆ. ಕೊನೆಗೆ, ಕಲಿತದ್ದನ್ನು ದಿನನಿತ್ಯದ ಬದುಕಿಗೆ ಒಯ್ಯುವುದು ಮತ್ತು ಚಿಕಿತ್ಸಕರಿಂದ ಬೀಳ್ಕೊಳ್ಳುವುದು.

"ಮಕ್ಕಳಿಗೆ ಮನೆಯವರೇ ಊಟ ಮಾಡಿಸೋ ಚಿಕಿತ್ಸೆ ಇದೆಯಂತೆ. ನನ್ನ ಹೆಂಡತಿಗೆ ಅದನ್ನೇ ಮಾಡಬಹುದಾ?"

ಹದಿಹರೆಯದವರಲ್ಲಿ ಕುಟುಂಬ ಚಿಕಿತ್ಸೆಯೇ ಮೊದಲ ಆಯ್ಕೆ. ಆದರೆ ಮಾಡ್ಸ್‌ಲಿಯ 1987ರ ಅಧ್ಯಯನದಲ್ಲೇ, ಎಳೆಯ ವಯಸ್ಸಿನಲ್ಲಿ ಕಾಯಿಲೆ ಶುರುವಾಗಿ ಮೂರು ವರ್ಷ ಮೀರದವರಿಗೆ ಅದು ಹೆಚ್ಚು ಫಲ ಕೊಟ್ಟರೆ, ದೊಡ್ಡವರಾದ ಮೇಲೆ ಶುರುವಾದವರಲ್ಲಿ ವೈಯಕ್ತಿಕ ಚಿಕಿತ್ಸೆಯ ಕಡೆಗೇ ಒಲವು ಕಂಡಿತ್ತು. ವಯಸ್ಕರ ತಟ್ಟೆಯನ್ನು ಗಂಡನೋ ಅತ್ತೆಯೋ ಕಾವಲು ಕಾಯತೊಡಗಿದರೆ ಊಟ ಜಗಳದ ಜಾಗವಾಗುತ್ತದೆ. ನೀವು ಮಾಡಬಹುದಾದದ್ದು, ಅವರ ಒಪ್ಪಿಗೆಯಿಂದ ಕೆಲವು ಭೇಟಿಗಳಿಗೆ ಜೊತೆಯಲ್ಲಿ ಹೋಗುವುದು, ಅವರು ಕೇಳಿದ ಊಟಕ್ಕೆ ಪಕ್ಕದಲ್ಲಿ ಕೂರುವುದು, ಮೈಕಟ್ಟಿನ ಬಗ್ಗೆ ಒಳ್ಳೆಯ ಮಾತನ್ನೂ ಆಡದಿರುವುದು. "ಈಗ ಲಕ್ಷಣವಾಗಿ ಕಾಣುತ್ತೀಯಾ" ಎಂಬ ಪ್ರೀತಿಯ ಮಾತು ಅವರ ಕಿವಿಗೆ "ದಪ್ಪಗಾಗಿದ್ದೀಯಾ" ಎಂದೇ ಬೀಳುತ್ತದೆ.

## ಹೋಲಿಸಿ ನೋಡಿದಾಗ

"ಸುತ್ತುಬಳಸು ಬೇಡ. ಕೊನೆಗೆ ಯಾವುದು ಒಳ್ಳೆಯದು?"

ಮೊದಲ ಸ್ಥಾನ ಯಾವುದಕ್ಕೂ ಇಲ್ಲ. ಇದು ನುಣುಚಿಕೊಳ್ಳುವ ಉತ್ತರವಲ್ಲ, ದೊಡ್ಡ ಅಧ್ಯಯನಗಳು ಒಂದರ ನಂತರ ಒಂದರಂತೆ ಕೊಟ್ಟ ಉತ್ತರ.

ಜರ್ಮನಿಯ ಹತ್ತು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ನಡೆದ ಆಂಟಾಪ್ ಅಧ್ಯಯನದಲ್ಲಿ 242 ಮಹಿಳೆಯರನ್ನು ಎಫ್‌ಪಿಟಿ, ಸಿಬಿಟಿ-ಇ ಮತ್ತು ಸುಧಾರಿತ ರೂಢಿಯ ಚಿಕಿತ್ಸೆ ಎಂಬ ಮೂರು ಗುಂಪುಗಳಿಗೆ ಚೀಟಿ ಎತ್ತಿದ ಹಾಗೆ ಹಂಚಲಾಯಿತು. ಹತ್ತು ತಿಂಗಳ ಕೊನೆಗೆ ಮೂರರಲ್ಲೂ ತೂಕ ಏರಿತ್ತು, ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಸಿಬಿಟಿ-ಇಯಲ್ಲಿ ಏರಿಕೆಯ ವೇಗ ಹೆಚ್ಚಿತ್ತು. ಮತ್ತೊಂದು ವರ್ಷದ ನಂತರ ಪೂರ್ತಿ ಗುಣವಾದವರು ಎಫ್‌ಪಿಟಿಯಲ್ಲಿ ಶೇ. 35, ಸಿಬಿಟಿ-ಇಯಲ್ಲಿ ಶೇ. 19, ರೂಢಿಯ ಚಿಕಿತ್ಸೆಯಲ್ಲಿ ಶೇ. 13. ಈ ಅಂಕಿಗಳನ್ನು ಹಿಡಿದು ಎಫ್‌ಪಿಟಿಯೇ ಗೆದ್ದಿತೆಂದು ಹೇಳುವವರು ಇಂದಿಗೂ ಇದ್ದಾರೆ. ಆದರೆ ಐದು ವರ್ಷಗಳ ನಂತರದ ವರದಿಯನ್ನು 2022ರಲ್ಲಿ ಪ್ರಕಟಿಸಿದಾಗ ಆ ಅಂತರ ಕರಗಿತ್ತು. ಮೂರೂ ಗುಂಪುಗಳಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ನಾಲ್ವರು ಪೂರ್ತಿ ಗುಣಮುಖರಾಗಿದ್ದರು.

ಇಂಗ್ಲೆಂಡಿನ ಮೊಸಾಯಿಕ್ ಅಧ್ಯಯನ (2015) 142 ಹೊರರೋಗಿಗಳಲ್ಲಿ ಮ್ಯಾಂಟ್ರಾವನ್ನೂ ಎಸ್‌ಎಸ್‌ಸಿಎಂ ಅನ್ನೂ ಹೋಲಿಸಿತು. ಫಲಿತಾಂಶ ಸಮನಾಗಿತ್ತು, ಆದರೆ ಮ್ಯಾಂಟ್ರಾ ಪಡೆದವರು ತಮ್ಮ ಚಿಕಿತ್ಸೆಯನ್ನು ಹೆಚ್ಚು ಒಪ್ಪುವಂಥದ್ದು, ನಂಬುವಂಥದ್ದು ಎಂದು ಹೇಳಿದರು. ಆಸ್ಟ್ರೇಲಿಯದ ಮೂರು ನಗರಗಳಲ್ಲಿ ನಡೆದ ಸ್ವಾನ್ ಅಧ್ಯಯನ (2017) 120 ಜನರಲ್ಲಿ ಸಿಬಿಟಿ-ಇ, ಮ್ಯಾಂಟ್ರಾ, ಎಸ್‌ಎಸ್‌ಸಿಎಂ ಮೂರನ್ನೂ ಮುಖಾಮುಖಿ ಇಟ್ಟಿತು. ಚಿಕಿತ್ಸೆ ಮುಗಿದ ಒಂದು ವರ್ಷದ ನಂತರ ಸುಮಾರು ಅರ್ಧದಷ್ಟು ಜನ ಆರೋಗ್ಯಕರ ತೂಕಕ್ಕೆ ಬಂದಿದ್ದರು. ತೂಕ, ಮನಸ್ಸು ಎರಡೂ ಸುಧಾರಿಸಿದವರು ಶೇ. 28ರಷ್ಟು. ಮೂರರ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. 2021ರಲ್ಲಿ 13 ಅಧ್ಯಯನಗಳ 1,047 ರೋಗಿಗಳ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯೂ, ಯಾವ ಹೆಸರಿನ ಚಿಕಿತ್ಸೆಯೂ ರೂಢಿಯ ಚಿಕಿತ್ಸೆಯನ್ನು ಮೀರಿಸಿಲ್ಲ ಎಂದೇ ಹೇಳಿತು. ಮನೋಗತಿಶೀಲ ಚಿಕಿತ್ಸೆಗಳಿಗಿಂತ ಸಿಬಿಟಿಯಲ್ಲಿ ನಡುವೆ ಬಿಟ್ಟುಹೋದವರು ಕಡಿಮೆ ಎಂಬುದೊಂದು ವ್ಯತ್ಯಾಸ ಮಾತ್ರ ಕಂಡಿತು.

"ಎಲ್ಲವೂ ಒಂದೇ ಅಂದಮೇಲೆ ಯಾವ ಕೌನ್ಸೆಲಿಂಗ್ ಆದರೂ ನಡೆಯುತ್ತೆ ಅಲ್ವಾ?"

ಇದು ಅಪಾಯಕರವಾದ ತೀರ್ಮಾನ. ಜರ್ಮನಿಯಲ್ಲಿ ರೂಢಿಯ ಚಿಕಿತ್ಸೆಯೆಂದರೆ, ಈ ಕಾಯಿಲೆಯ ಅನುಭವವಿದ್ದ ಮನೋಚಿಕಿತ್ಸಕರ ಕ್ರಮಬದ್ಧ ಚಿಕಿತ್ಸೆ, ಜೊತೆಗೆ ಕುಟುಂಬವೈದ್ಯರಿಂದ ತೂಕ, ರಕ್ತಗಳ ನಿಯಮಿತ ತಪಾಸಣೆ. ವಿಮೆ ಅದರ ವೆಚ್ಚ ಭರಿಸುತ್ತಿತ್ತು. ತಿಂಗಳಿಗೊಮ್ಮೆ ಹೋಗಿ ಬುದ್ಧಿಮಾತು ಕೇಳಿಬರುವುದನ್ನು ಅದಕ್ಕೆ ಸಮವೆನ್ನಲಾಗದು. ಹೋಲಿಕೆಯಲ್ಲಿದ್ದ ಎಲ್ಲ ಚಿಕಿತ್ಸೆಗಳಿಗೂ ಸಾಮಾನ್ಯವಾದ ಬುನಾದಿಯಿದೆ: ತರಬೇತಾದ ಚಿಕಿತ್ಸಕರು, ಬಹುತೇಕ ವಾರಕ್ಕೊಮ್ಮೆ ಭೇಟಿ, ಹಲವು ತಿಂಗಳುಗಳ ಅವಧಿ, ತೂಕ ಏರಬೇಕೆಂಬ ಬಹಿರಂಗ ಗುರಿ, ದೇಹದ ನಿಗಾ. ಇವು ಇಲ್ಲದಿದ್ದರೆ ಮೇಲಿನ ಅಂಕಿಗಳು ನಿಮಗೆ ಅನ್ವಯಿಸುವುದಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಮಾತಿದೆ. ವ್ಯತ್ಯಾಸ ಕಾಣಲಿಲ್ಲ ಎಂದರೆ ಎರಡೂ ಸಮವೆಂದು ಸಾಬೀತಾಯಿತು ಎಂದಲ್ಲ. ಗುಂಪಿಗೆ ನಲವತ್ತು ಜನರಿರುವ ಅಧ್ಯಯನ ಸಣ್ಣ ವ್ಯತ್ಯಾಸವನ್ನು ಹಿಡಿಯಲಾರದು. ಸರಾಸರಿ ಸಮವಾಗಿದ್ದರೂ ಒಬ್ಬೊಬ್ಬರಿಗೆ ಒಂದೊಂದು ಹೊಂದುವ ಸಾಧ್ಯತೆ ಉಳಿದೇ ಇರುತ್ತದೆ.

"ಬಿಟ್ಟುಹೋದವರ ಲೆಕ್ಕವನ್ನ ಯಾರೂ ಹೇಳಲ್ವಲ್ಲ?"

ಹೇಳಲೇಬೇಕಾದ ಲೆಕ್ಕ ಅದು. ಸ್ವಾನ್‌ನಲ್ಲಿ ಚಿಕಿತ್ಸೆ ಮುಗಿಸಿದವರು ಶೇ. 60. ಬ್ರಿಟನ್ ಮತ್ತು ಇಟಲಿಯ 99 ಜನರಿಗೆ ಸಿಬಿಟಿ-ಇ ಕೊಟ್ಟ 2013ರ ಅಧ್ಯಯನದಲ್ಲಿ ಮುಗಿಸಿದವರು ಶೇ. 64. ಅಂದರೆ ಈ ಎರಡು ಅಧ್ಯಯನಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಡುವೆ ನಿಂತರು. ಪದ್ಧತಿಗಳ ನಡುವಿನ ಅಂತರಕ್ಕಿಂತ, ಉಳಿಯುವುದಕ್ಕೂ ಬಿಡುವುದಕ್ಕೂ ನಡುವಿನ ಅಂತರ ದೊಡ್ಡದೆಂದು ನಾನು ಭಾವಿಸುತ್ತೇನೆ. ಆದ್ದರಿಂದಲೇ ರೋಗಿಗೆ ಯಾವುದು ಒಪ್ಪಿಗೆಯೋ ಅದಕ್ಕೆ ಹೆಚ್ಚಿನ ಮಹತ್ವ ಕೊಡಬೇಕು. ಬಿಟ್ಟವರು ಮತ್ತೆ ಬಂದಾಗ "ಆಗಲೇ ಹೇಳಿದ್ದೆನಲ್ಲ" ಎನ್ನದೆ ಬರಮಾಡಿಕೊಳ್ಳುವುದೂ ಚಿಕಿತ್ಸೆಯೇ.

"ಹನ್ನೆರಡು ವರ್ಷದಿಂದ ಇದೆ. ಇನ್ನು ನನಗೆ ಆಗಲ್ಲ ಅನ್ಸುತ್ತೆ."

ಹಾಗೆ ಅನ್ನಿಸುವುದು ಸಹಜ, ಆದರೆ ಪುರಾವೆ ಬೇರೆಯದನ್ನು ಹೇಳುತ್ತದೆ. ಕನಿಷ್ಠ ಏಳು ವರ್ಷದಿಂದ ಕಾಯಿಲೆಯಿದ್ದ 63 ಜನರಿಗೆ ಸಿಡ್ನಿ ಮತ್ತು ಲಂಡನ್ನಿನಲ್ಲಿ ಸಿಬಿಟಿ ಅಥವಾ ಎಸ್‌ಎಸ್‌ಸಿಎಂ ಕೊಟ್ಟು, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ತೂಕವನ್ನೇ ಮೊದಲ ಷರತ್ತಾಗಿ ಇಡದೆ ಬದುಕಿನ ಗುಣಮಟ್ಟವನ್ನು ಮುಂದಿಟ್ಟಾಗ ಶೇ. 85ಕ್ಕೂ ಹೆಚ್ಚು ಮಂದಿ ಕೊನೆಯವರೆಗೆ ಉಳಿದರು; ಎರಡೂ ಗುಂಪುಗಳಲ್ಲಿ ಬದುಕು ಹಗುರವಾಯಿತು. ಇನ್ನೊಂದು ಅಂಕಿಯನ್ನು ನೀವು ನೆನಪಿಡಬೇಕೆಂದು ನನ್ನಾಸೆ. ಅಮೆರಿಕದಲ್ಲಿ ಮಹಿಳೆಯರನ್ನು 22 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಒಂಬತ್ತನೆಯ ವರ್ಷದ ಹೊತ್ತಿಗೆ ಅನೊರೆಕ್ಸಿಯದಿಂದ ಚೇತರಿಸಿಕೊಂಡವರು ಶೇ. 31 ಮಾತ್ರ, 22ನೆಯ ವರ್ಷಕ್ಕೆ ಅದು ಶೇ. 63ರ ಹತ್ತಿರ ಬಂದಿತ್ತು. ಹತ್ತು ವರ್ಷ ದಾಟಿದ ಮೇಲೂ ಜನ ಗುಣವಾಗುತ್ತಾರೆ.

## ನಮ್ಮ ನೆಲದಲ್ಲಿ

"ಇವೆಲ್ಲ ವಿದೇಶದ ಲೆಕ್ಕ. ನನ್ನ ಮಗಳಿಗೆ ದಪ್ಪ ಆಗೋ ಭಯವೇ ಇಲ್ಲ, ಹೊಟ್ಟೆ ಉಬ್ಬರ ಅಂತಾಳೆ. ಅವಳಿಗೂ ಇದೇನಾ?"

ಇರಬಹುದು. ದಪ್ಪಗಾಗುವ ಭಯದ ಮಾತೇ ಆಡದೆ ಹೊಟ್ಟೆ ಭಾರ, ಗ್ಯಾಸ್, ರುಚಿಯಿಲ್ಲ ಎಂದು ಊಟ ಬಿಡುವ ರೂಪವನ್ನು ಹಾಂಗ್‌ಕಾಂಗ್ ಮತ್ತು ಭಾರತದ ವೈದ್ಯರು ದಶಕಗಳಿಂದ ಗುರುತಿಸಿದ್ದಾರೆ. ಇಲ್ಲಿ ಏಕಾದಶಿ, ಸಂಕಷ್ಟಿ, ಸೋಮವಾರದ ಒಪ್ಪತ್ತುಗಳು ಕಾಯಿಲೆಗೆ ಮರೆಯಾಗಿಯೂ ಒದಗುತ್ತವೆ. ವ್ರತದ ದಿನಗಳು ಒಂದೊಂದಾಗಿ ಹೆಚ್ಚುತ್ತಾ, ಪಾರಣೆಯ ಊಟ ಮಾತ್ರ ತಪ್ಪುತ್ತಾ ಹೋದರೆ ಗಮನಿಸಬೇಕು. ಅಂಥವರಿಗೆ ಆಕಾರದ ಚಿಂತೆಯ ಸುತ್ತಲೇ ಹೆಣೆದ ಚಿಕಿತ್ಸೆಗಿಂತ, ಆ ಭಯವನ್ನು ಕೇಂದ್ರವಾಗಿಸದ ಮ್ಯಾಂಟ್ರಾ ಅಥವಾ ರೋಗಿಯೇ ವಿಷಯ ಆರಿಸುವ ಎಸ್‌ಎಸ್‌ಸಿಎಂ ಸಹಜವಾಗಿ ಹೊಂದಬಹುದು. ಇದು ತರ್ಕದಿಂದ ಬಂದ ಅಭಿಪ್ರಾಯವೇ ಹೊರತು ಅಧ್ಯಯನದ ಫಲಿತಾಂಶವಲ್ಲ. ಮೇಲೆ ಹೇಳಿದ 1,047 ರೋಗಿಗಳಲ್ಲಿ ಶೇ. 97ಕ್ಕೂ ಹೆಚ್ಚು ಮಹಿಳೆಯರಾದ್ದರಿಂದ, ಗಂಡಸರ ಬಗ್ಗೆಯೂ ಇಷ್ಟೇ ಎಚ್ಚರದಿಂದ ಮಾತಾಡಬೇಕು.

"ಈ ಹೆಸರುಗಳನ್ನ ನಮ್ಮೂರ ಡಾಕ್ಟರ್ ಕೇಳೇ ಇಲ್ಲ. ಎಲ್ಲಿ ಹೋಗ್ಲಿ, ಏನು ಕೇಳ್ಲಿ?"

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದಿಂದ ಶುರುಮಾಡಬಹುದು. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬ್ರಿಟನ್ನಿನಲ್ಲಿರುವ ಕನ್ನಡಿಗರು ಜಿಪಿಯ ಮೂಲಕ ಆಹಾರ ಕಾಯಿಲೆಗಳ ಪರಿಣತ ಘಟಕಕ್ಕೆ ಕಳಿಸುವಂತೆ ಕೇಳಬೇಕು. ಆಸ್ಟ್ರೇಲಿಯದಲ್ಲಿ ಮೆಡಿಕೇರ್ ಸೌಲಭ್ಯವಿರುವವರಿಗೆ 2019ರ ನವೆಂಬರ್‌ನಿಂದ, ಅರ್ಹತೆಯಿದ್ದರೆ, ವರ್ಷಕ್ಕೆ 40ರವರೆಗೆ ಮನೋಚಿಕಿತ್ಸೆಯ ಭೇಟಿಗಳಿಗೆ ನೆರವು ಸಿಗುತ್ತದೆ.

ಚಿಕಿತ್ಸೆಯ ಹೆಸರಿಗಿಂತ ಈ ಪ್ರಶ್ನೆಗಳನ್ನು ಕೇಳಿ: ಈ ಕಾಯಿಲೆಯವರನ್ನು ಮೊದಲು ನೋಡಿದ್ದೀರಾ? ಊಟ ಮತ್ತು ತೂಕದ ಬಗ್ಗೆ ಪ್ರತಿ ಭೇಟಿಯಲ್ಲೂ ಮಾತಾಡುತ್ತೀರಾ? ರಕ್ತಪರೀಕ್ಷೆ, ಇಸಿಜಿ ಯಾರು ನೋಡುತ್ತಾರೆ? ಡಯಟೀಷಿಯನ್ ಜೊತೆಗಿರುತ್ತಾರಾ? ಎಷ್ಟು ಭೇಟಿಗಳ ಯೋಜನೆ? "ಮೊದಲು ಮನಸ್ಸು ಸರಿಯಾಗಲಿ, ಊಟ ತಾನಾಗಿ ಬರುತ್ತದೆ" ಎಂಬ ಉತ್ತರ ಸಿಕ್ಕರೆ ಬೇರೆಯವರನ್ನು ಹುಡುಕಿ.

"ಶುರು ಮಾಡಿ ಎರಡು ತಿಂಗಳಾಯ್ತು, ತೂಕ ಅಲ್ಲೇ ಇದೆ. ಚಿಕಿತ್ಸೆ ಬದಲಿಸಬೇಕಾ?"

ಮೊದಲ ಕೆಲವು ವಾರಗಳಲ್ಲಿ ತೂಕ ಸ್ವಲ್ಪವಾದರೂ ಏರಿದವರ ಮುಂದಿನ ಫಲಿತಾಂಶ ಚೆನ್ನಾಗಿರುತ್ತದೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ಎರಡು ತಿಂಗಳಿಗೆ ಕೂತು ಮಾತಾಡುವುದು ಸರಿಯಾದ ಹೊತ್ತು. ಆದರೆ ಮೊದಲು ಕೇಳಿಕೊಳ್ಳಬೇಕಾದದ್ದು, ಇದೇ ಚಿಕಿತ್ಸೆ ಪೂರ್ತಿಯಾಗಿ ನಡೆಯುತ್ತಿದೆಯೇ ಎಂದು: ಭೇಟಿಗಳು ತಪ್ಪುತ್ತಿವೆಯೇ, ತೂಕ ನೋಡುವುದನ್ನು ಇಬ್ಬರೂ ಸಂಕೋಚದಿಂದ ಮುಂದೂಡುತ್ತಿದ್ದೀರಾ, ಮನೆಯಲ್ಲಿ ಹೆಚ್ಚುವರಿ ಊಟಕ್ಕೆ ನಿಜವಾಗಿ ಜಾಗವಿದೆಯೇ? ಇವೆಲ್ಲ ಸರಿಯಿದ್ದೂ ಬದಲಾವಣೆ ಇಲ್ಲದಿದ್ದರೆ, ಮೊದಲ ಸಾಲಿನ ಮೂರರಲ್ಲಿ ಇನ್ನೊಂದನ್ನೋ ಎಫ್‌ಪಿಟಿಯನ್ನೋ ಪರಿಗಣಿಸುವಂತೆ ನೈಸ್ ಹೇಳುತ್ತದೆ. ತೂಕ ಇನ್ನೂ ಇಳಿಯುತ್ತಿದ್ದರೆ ಪದ್ಧತಿ ಬದಲಿಸುವ ಮೊದಲು, ಹಗಲು ಚಿಕಿತ್ಸೆಯೋ ಒಳರೋಗಿ ಚಿಕಿತ್ಸೆಯೋ ಬೇಕೇ ಎಂದು ವೈದ್ಯರನ್ನು ಅದೇ ವಾರ ಕೇಳಿ. ಬದಲಿಸುವುದಾದರೆ ಈಗಿನ ಚಿಕಿತ್ಸಕರಿಗೆ ತಿಳಿಸಿಯೇ ಬದಲಿಸಿ. ಹೊಸಬರ ಮೊದಲ ಭೇಟಿಯ ದಿನ ಗೊತ್ತಾಗುವವರೆಗೂ ಹಳೆಯ ಭೇಟಿಗಳನ್ನು ನಿಲ್ಲಿಸಬೇಡಿ.